ಆರನೆಯ ರೀಲಿನ ಒಂದು ಅಕ್ಷರ

2017ರ ನವೆಂಬರಿನ ಒಂದು ಮಧ್ಯಾಹ್ನ, ಕೆನಡದ ನಾರ್ತ್ ಯಾರ್ಕಿನ ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ, ಎಪ್ಪತ್ತು ದಾಟಿದ ಒಬ್ಬ ಹೆಂಗಸು ನನ್ನ ಮುಂದೆ ಬಿಸ್ಕತ್ತಿನ ಡಬ್ಬಿಯೊಂದನ್ನು ಇಟ್ಟರು. ಮುಚ್ಚಳ ತೆಗೆದರೆ ಒಳಗೆ ಒಂಬತ್ತು ಟೇಪು ರೀಲುಗಳು.

"ಇದರಲ್ಲಿ ನನ್ನ ಅಪ್ಪ ಇದ್ದಾರೆ" ಎಂದರು ಜರ್ಮನ್ ಭಾಷೆಯಲ್ಲಿ. "ಅವರು ಹೋಗಿ ಮೂವತ್ತು ವರ್ಷದ ಮೇಲಾಯಿತು, ಆಮೇಲೆ ಇದು ನನ್ನ ಹೆಸರಿಗೆ ಬಂತು. ನಾನು ಒಂದನ್ನೂ ಕೇಳಿಲ್ಲ."

ಕೇಳದೆ ಇದ್ದದ್ದಕ್ಕೆ ಎರಡು ಕಾರಣ ಕೊಟ್ಟರು. ಮನೆಯಲ್ಲಿ ರೀಲು ಓಡಿಸುವ ಯಂತ್ರ ಇರಲಿಲ್ಲ. ಯಂತ್ರ ಹುಡುಕಬಹುದಿತ್ತು ಎನ್ನುವ ಹೊತ್ತಿಗೆ ಕಿವಿ ಹೋಗಿತ್ತು. ಎಡಗಿವಿ ಪೂರ್ತಿ, ಬಲಗಿವಿ ಅರ್ಧ. ಪಕ್ಕದಲ್ಲಿ ಕೂತಿದ್ದ ಅವರ ಮಗ ಒಶಾವಾದಲ್ಲಿ ಮೇಷ್ಟ್ರು. ಜರ್ಮನ್ ಅಲ್ಪಸ್ವಲ್ಪ ಅರ್ಥವಾಗುತ್ತದೆ, ಓದಲು ಬರೆಯಲು ಬಾರದು. ಟೇಪಿನಲ್ಲಿದ್ದದ್ದನ್ನೆಲ್ಲ ಬರಹಕ್ಕಿಳಿಸಿ, ಇಂಗ್ಲಿಷಿಗೂ ಅನುವಾದಿಸಿ ಕೊಟ್ಟರೆ ಮೊಮ್ಮಕ್ಕಳಿಗಾಗಿ ಒಂದು ಪುಸ್ತಕ ಮಾಡಿಸುತ್ತೇನೆ ಎಂದು ನನ್ನನ್ನು ಹುಡುಕಿ ಕರೆಸಿದವರು ಅವರೇ. ನಾನು ಮುಂಬೈಯಲ್ಲಿದ್ದಾಗ ಯಂತ್ರದ ಕಂಪನಿಯೊಂದಕ್ಕೆ ಜರ್ಮನ್ ಅನುವಾದ ಮಾಡುತ್ತಿದ್ದವಳು, ಇಲ್ಲಿ ಸ್ಟ್ರೀಟ್ಸ್‌ವಿಲ್ಲಿನ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಇಂಥದೇ ಕೆಲಸ ಮಾಡಿಕೊಂಡಿದ್ದೆ. ಆದರೆ ಅಲ್ಲಿಯವರೆಗೆ ನನ್ನ ಕೈಗೆ ಬಂದದ್ದು ಹೆಚ್ಚಾಗಿ ವಿಮೆಯವರ ಫೋನ್ ಸಂಭಾಷಣೆ, ವೈದ್ಯರ ವರದಿ. ಸತ್ತವರ ದನಿ ಬಂದಿರಲಿಲ್ಲ.

ಹೊರಡುವಾಗ ತಾಯಿ ಬಾಗಿಲವರೆಗೆ ಬಂದು ಹೇಳಿದರು: "ಒಂದು ವಿಷಯ ನಿಮಗೆ ಮೊದಲೇ ತಿಳಿದಿರಲಿ. ಅವರನ್ನು ಹಿಟ್ಲರನ ಪೊಲೀಸರು ಹಿಡಿದು ಹನ್ನೊಂದು ದಿನ ವಿಚಾರಣೆ ಮಾಡಿದರು. ನನ್ನ ಅಪ್ಪ ಒಂದೇ ಒಂದು ಹೆಸರನ್ನೂ ಹೇಳಲಿಲ್ಲ. ನಮ್ಮ ದೇಶದಲ್ಲಿ ಅದು ಶಾಲೆಯ ಮಕ್ಕಳಿಗೂ ಗೊತ್ತಿತ್ತು."

ನಮ್ಮ ದೇಶ ಎಂದದ್ದು ಪೂರ್ವ ಜರ್ಮನಿಯನ್ನು. ಅದು ಭೂಪಟದಿಂದ ಅಳಿಸಿಹೋಗಿ ಕಾಲು ಶತಮಾನದ ಮೇಲಾಗಿತ್ತು.

ರೀಲು ಓಡಿಸಲು ನನಗೆ ಗೊತ್ತಿದ್ದ ಒಬ್ಬರೇ ಒಬ್ಬರು ಒಶಾವಾದಲ್ಲಿದ್ದರು. ಬಂಟ್ವಾಳ ಕಡೆಯವರು, ಕಾರಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ನಮ್ಮ ತುಳು ಮನೆಗಳವರೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಎಲ್ಲ ಹಳೆಯ ಟೇಪ್ ರೆಕಾರ್ಡರುಗಳು. ಅಣ್ಣ ಒಂದೊಂದೇ ರೀಲನ್ನು ಮೂಸಿ ನೋಡಿದರು. ಹುಳಿ ವಾಸನೆ ಬಂದರೆ ಅದು ಒಂದು ಜಾತಿಯ ಟೇಪು, ಬಾರದಿದ್ದರೆ ಇನ್ನೊಂದು ಜಾತಿ, ಎರಡಕ್ಕೂ ಉಪಚಾರ ಬೇರೆ.

"ಏಳು ಒಳ್ಳೇದುಂಟು. ಆರನೇದರ ಮೇಲೆ ಅಲ್ಲಲ್ಲಿ ದನಿ ಹಿಡಿಯುವ ಲೇಪ ಹೋಗಿದೆ, ಆದ್ರೂ ಓಡ್ತದೆ. ಈ ಎಂಟನೇದು ಮಾತ್ರ ಈಗ ಮುಟ್ಲಿಕ್ಕೇ ಇಲ್ಲ ಮಾರಾಯ್ತಿ. ಹೀಗೇ ಓಡಿಸಿದ್ರೆ ಲೇಪ ಪೂರಾ ಯಂತ್ರದ ಹೆಡ್ಡಿಗೆ ಅಂಟಿ ಬರ್ತದೆ. ಮತ್ತೆ ನಿನ್ನ ಜರ್ಮನ್ ಅಜ್ಜ ಮಾತಾಡುದಿಲ್ಲ."

"ಮತ್ತೆಂತ ಮಾಡುದು ಅಣ್ಣ?"

"ಬೇಯಿಸ್ಬೇಕು. ಅರ್ಜೆಂಟ್ ಇಲ್ವಲ್ಲ? ಮೊದಲು ಬೇರೆದ್ದು ಮಾಡುವ."

ಹೀಗೆ ಎಂಟನೆಯದನ್ನು ಬಿಟ್ಟು ಉಳಿದ ಎಂಟು ರೀಲುಗಳನ್ನು ಎರಡು ವಾರದಲ್ಲಿ ಕಂಪ್ಯೂಟರಿಗೆ ಇಳಿಸಿಕೊಟ್ಟರು. ಡಿಸೆಂಬರಿನಲ್ಲಿ ನಾನು ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಿನ ಪೆಡಲಿನಲ್ಲಿ ದನಿಯನ್ನು ನಿಲ್ಲಿಸುತ್ತಾ, ಹಿಂದಕ್ಕೆ ಓಡಿಸುತ್ತಾ ಕೆಲಸಕ್ಕೆ ಕೂತೆ. ಸ್ಪಷ್ಟ ದನಿಯಾದರೆ ಒಂದು ಗಂಟೆಯ ಮಾತಿಗೆ ಐದು ಗಂಟೆ ಸಾಕು. ಇವರದಕ್ಕೆ ಒಂಬತ್ತು ಹತ್ತು ಗಂಟೆ ಹಿಡಿಯಿತು. ಬಾಲ್ಟಿಕ್ ಕಡಲತೀರದ ಆಡುನುಡಿ, ನಡುನಡುವೆ ಕೆಮ್ಮು, ಹಿಂದೆ ಎಲ್ಲೋ ಟ್ರಾಮಿನ ಸದ್ದು. ನಿವೃತ್ತಿಯ ಮೇಲೆ ಬರ್ಲಿನ್ನಿನ ಮನೆಯಲ್ಲಿ ಒಬ್ಬರೇ ಕೂತು ಮಾತಾಡಿದ್ದು.

ಆ ದನಿ ಹೇಳಿದ ಬದುಕು ಹೀಗಿತ್ತು. ಬಂದರು ಪಟ್ಟಣವೊಂದರ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಹುಡುಗ. ಹದಿನೆಂಟಕ್ಕೆ ಕಮ್ಯುನಿಸ್ಟ್ ಪಕ್ಷ. ಹಿಟ್ಲರ್ ಬಂದ ಮೇಲೆ ಪಕ್ಷ ನಿಷೇಧವಾಯಿತು. ಇವರು ಹಗಲು ಮಾಲೀಕನಿಗೆ ಮದುವೆಯ ಕರೆಯೋಲೆ ಅಚ್ಚುಹಾಕಿ, ಉಳಿದ ಹೊತ್ತಿನಲ್ಲಿ ಕರಪತ್ರ ಹಾಕಿದರು. ಕರಪತ್ರ ಅಂಗೈಗಿಂತ ಚಿಕ್ಕದಿರಬೇಕು, ಕಾಗದ ಸಿಗರೇಟಿನ ಕಾಗದದಷ್ಟು ತೆಳುವಿರಬೇಕು, ಸಿಕ್ಕಿಬಿದ್ದರೆ ನುಂಗಲು ಬರಬೇಕು. ಆ ಕಾಗದ ಉತ್ತರದ ದೇಶಗಳಿಂದ ಹಡಗುಗಳಲ್ಲಿ ಬರುತ್ತಿತ್ತು. ಅದನ್ನು ಇಳಿಸಿಕೊಡುತ್ತಿದ್ದವನು ಬಂದರಿನ ಒಬ್ಬ ಕ್ರೇನ್ ಚಾಲಕ. ಆಮೇಲೆ ಬಂಧನ, ವಿಚಾರಣೆ, ಸೆರೆಮನೆ, ಯುದ್ಧ ಮುಗಿಯುವವರೆಗೆ ಶಿಬಿರ. ಹೊರಬಂದಾಗ ಹಲ್ಲು ಆರು ಉಳಿದಿದ್ದವು. ಹೊಸ ಸರಕಾರಕ್ಕೆ ಹೊರದೇಶಗಳಿಗೆ ಕಳಿಸಲು ಕಳಂಕವಿಲ್ಲದ ಜನ ಬೇಕಿತ್ತು. ಮೊಳೆ ಜೋಡಿಸುವವನಿಗೆ ಕೋಟು ಹೊಲಿಸಿ, ಫ್ರೆಂಚ್ ಕಲಿಸಿ, ಕೊನೆಗೆ ಆಫ್ರಿಕದ ಒಂದು ಬಂದರು ರಾಜಧಾನಿಗೆ ರಾಯಭಾರಿ ಮಾಡಿದರು.

ಅಲ್ಲಿಯೇ ಅವರ ಮಗಳು, ಅಂದರೆ ನನಗೆ ಡಬ್ಬಿ ಕೊಟ್ಟವರು, ಸೇತುವೆ ಕಟ್ಟಲು ಬಂದ ಕೆನಡದ ಎಂಜಿನಿಯರನನ್ನು ಮದುವೆಯಾಗಿ ಹೊರಟುಬಿಟ್ಟದ್ದು. ಮಗಳು ಬಂಡವಾಳಶಾಹಿ ದೇಶಕ್ಕೆ ಹೋದಳೆಂದು ಸರಕಾರ ತಂದೆಯನ್ನು ವಾಪಸು ಕರೆಸಿಕೊಂಡಿತು. ಹುದ್ದೆ ಅಲ್ಲಿಗೆ ಮುಗಿಯಿತು. ತಂದೆ ಮಗಳು ಮತ್ತೆ ಭೇಟಿಯಾಗಲಿಲ್ಲ.

ಆರನೆಯ ರೀಲಿನಲ್ಲಿ ವಿಚಾರಣೆಯ ಹನ್ನೊಂದು ದಿನಗಳಿದ್ದವು. ಹೊಡೆತದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಕೋಣೆಯ ನೆಲದ ಬಣ್ಣ, ಟೈಪಿಸ್ಟ್ ಹುಡುಗಿಯ ಬಳೆ, ನೀರು ಕೇಳಿದರೆ ಕೊಡುವ ಮೊದಲು ಅಧಿಕಾರಿ ತಾನು ಕುಡಿಯುತ್ತಿದ್ದ ರೀತಿ, ಇಷ್ಟೇ. ಒಂಬತ್ತನೆಯ ದಿನದ ಮಾತು ಬಂದಾಗ ಒಂದು ದೀರ್ಘ ವಿರಾಮ. ಆಮೇಲೆ ಒಂದು ವಾಕ್ಯ. ಅದರ ಕೊನೆಯ ಪದದ ನಡುವೆ ಟೇಪಿನ ಲೇಪ ಕಿತ್ತುಹೋಗಿ, ರೆಪ್ಪೆ ಬಡಿಯುವಷ್ಟು ಹೊತ್ತು ದನಿ ಇಲ್ಲ.

"ಆ ಕ್ರೇನ್ ಚಾಲಕನನ್ನು ನಾನು ಗೆ—ಆಂಟ್."

ಜರ್ಮನ್‌ನಲ್ಲಿ ಗೆಕಾಂಟ್ ಎಂದರೆ ಬಲ್ಲವನಾಗಿದ್ದೆ, ಪರಿಚಯವಿತ್ತು ಎಂದು. ಗೆನಾಂಟ್ ಎಂದರೆ ಹೆಸರು ಹೇಳಿದೆ ಎಂದು. ಎರಡಕ್ಕೂ ನಡುವೆ ಇರುವುದು ಒಂದು ಅಕ್ಷರ, ಕ ಅಥವಾ ನ.

ನಾನು ಏಳೆಂಟು ಸಲ ಕೇಳಿದೆ. ದನಿಯನ್ನು ಚಿತ್ರವಾಗಿ ತೋರಿಸುವ ಪ್ರೋಗ್ರಾಮಿನಲ್ಲಿ ಹಾಕಿ ನೋಡಿದೆ. ಕ ಎನ್ನುವಾಗ ಗಂಟಲು ಒಂದು ಕ್ಷಣ ಮುಚ್ಚುತ್ತದೆ, ಚಿತ್ರದಲ್ಲಿ ಅಲ್ಲಿ ಖಾಲಿ ಪಟ್ಟಿ ಕಾಣುತ್ತದೆ. ನ ಎನ್ನುವಾಗ ಮೂಗಿನ ದನಿ ಹರಿಯುತ್ತಲೇ ಇರುತ್ತದೆ. ನನಗೆ ಕಂಡದ್ದು ಖಾಲಿ ಪಟ್ಟಿ. ಗೆಕಾಂಟ್ ಎಂದು ಬರೆದೆ. ಲೇಪ ಹೋದ ಜಾಗವೂ ಖಾಲಿ ಪಟ್ಟಿಯಾಗಿಯೇ ಕಾಣುತ್ತದೆ ಎಂಬುದು ನನಗೆ ಗೊತ್ತಿರದ ವಿಷಯವೇನೂ ಅಲ್ಲ. ಸಂಶಯ ಬಂದ ಕಡೆ 'ಅಸ್ಪಷ್ಟ' ಎಂದು ಗುರುತು ಹಾಕಬೇಕು, ಅದು ನಮ್ಮ ಕೆಲಸದ ಮೊದಲ ನಿಯಮ. ಹಾಕಲಿಲ್ಲ. ಬಾಗಿಲಲ್ಲಿ ನಿಂತು ಆ ಹೆಂಗಸು ಹೇಳಿದ ಮಾತು ನನ್ನ ಕಿವಿಯಲ್ಲಿತ್ತು. ಮುಂದಿನ ವಾಕ್ಯ "ಇದರ ಬಗ್ಗೆ ಇನ್ನು ಹೇಳಲಾರೆ" ಎಂದಿತ್ತು. ಬರಿಯ ಪರಿಚಯದ ಮಾತಾಗಿದ್ದರೆ ಯಾರೂ ಹಾಗೆ ಹೇಳುವುದಿಲ್ಲ ಎಂದೂ ನನಗೆ ಹೊಳೆಯಲಿಲ್ಲ.

ಜನವರಿಯ ಕೊನೆಗೆ ಎಂಟು ರೀಲುಗಳ ಬರಹ, ಅನುವಾದ ಎರಡನ್ನೂ ಕಳಿಸಿದೆ. ತಾಯಿ ಫೋನ್ ಮಾಡಿಸಿ ಕರೆಸಿಕೊಂಡು ಕೇಕು ಕೊಟ್ಟರು. ಆರನೆಯ ರೀಲಿನ ಹಾಳೆಗಳ ಮೇಲೆ ಕೈ ಇಟ್ಟು, "ನಾನು ಹೇಳಿದ್ದೆನಲ್ಲ" ಎಂದರು.

ಎಂಟನೆಯದರ ಸರದಿ ಫೆಬ್ರವರಿಯಲ್ಲಿ ಬಂತು. ಬೇಯಿಸುವುದೆಂದರೆ ಒಲೆಯಲ್ಲಿ ಅಲ್ಲ. ಹಣ್ಣು ಒಣಗಿಸುವ ವಿದ್ಯುತ್ ಪೆಟ್ಟಿಗೆಯಲ್ಲಿ ಐವತ್ತೈದು ಡಿಗ್ರಿ ಬಿಸಿಯಲ್ಲಿ ಎಂಟು ಗಂಟೆ ಇಟ್ಟು, ನಾಲ್ಕು ಗಂಟೆಗೊಮ್ಮೆ ರೀಲನ್ನು ಮಗುಚಬೇಕು. ಲೇಪ ಹೀರಿಕೊಂಡ ತೇವ ಹೋಗಿ ಅಂಟು ಬಿಗಿಯಾಗುತ್ತದೆ. ಹೀಗೆ ಒಣಗಿದ ಟೇಪು ಕೆಲವು ವಾರ ಮಾತ್ರ ಓಡುವ ಸ್ಥಿತಿಯಲ್ಲಿರುತ್ತದೆ. ಅಣ್ಣನ ಮನೆಯ ಪೆಟ್ಟಿಗೆ ಅತ್ತಿಗೆಯದು, ಅವರು ಅದರಲ್ಲಿ ಹಪ್ಪಳ ಒಣಗಿಸುತ್ತಿದ್ದರು.

"ಕೆಲ್ಸ ಆದ್ಮೇಲೆ ತೊಳ್ದು ಕೊಡಿ ಮತ್ತೆ" ಎಂದರು ಅತ್ತಿಗೆ. "ನನ್ನ ಹಪ್ಪಳಕ್ಕೆ ಕಮ್ಯುನಿಸ್ಟ್ ವಾಸನೆ ಬರುದು ಬೇಡ."

ಮೊದಲ ಸಲ ಬಿಸಿ ಏರುಪೇರಾಗಿ ರೀಲಿನ ಹೊರಗಿನ ಸುತ್ತು ಸುಕ್ಕಾಯಿತು. ಅಣ್ಣ ಕೂಡಲೇ ಆಫ್ ಮಾಡಿ, ಒಂದು ದಿನ ತಣಿಯಲು ಬಿಟ್ಟು, ಬೇರೊಂದು ಥರ್ಮಾಮೀಟರು ಇಟ್ಟು ಮತ್ತೆ ಶುರುಮಾಡಿದರು. ಎರಡನೆಯ ಸಲ ಟೇಪು ಓಡಿತು. ಮೊದಲ ಮೂರು ನಿಮಿಷ ಹಾಳಾಗಿತ್ತು, ಉಳಿದದ್ದು ಎಲ್ಲ ರೀಲುಗಳಿಗಿಂತ ಸ್ವಚ್ಛವಾಗಿತ್ತು.

ನಾನು ಅಲ್ಲೇ ಗ್ಯಾರೇಜಿನಲ್ಲಿ ನಿಂತು ಕೇಳಿದೆ. ರಾಯಭಾರಿಯಾಗಿದ್ದ ಕಾಲದ ಮಾತು. ಔತಣಕೂಟಗಳಲ್ಲಿ ಅವರನ್ನು ಪರಿಚಯಿಸುತ್ತಿದ್ದುದು ಒಂದೇ ರೀತಿ: ಇವರು ಬಾಯಿ ಬಿಡದ ಮನುಷ್ಯ. ಒಮ್ಮೆ ಒಬ್ಬ ಪತ್ರಕರ್ತ ನೇರವಾಗಿ ಕೇಳಿದ, ನಿಜವಾಗಿ ಒಂದು ಹೆಸರನ್ನೂ ಹೇಳಲಿಲ್ಲವೇ ಎಂದು. ಇವರು ನಕ್ಕು, ಮಾತಾಡುವುದು ನನ್ನ ಸ್ವಭಾವವಲ್ಲ ಎಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೇಪಿನಲ್ಲಿ ಒಂದು ಲೋಟ ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ, ಮೆಲ್ಲಗೆ, ಒಂದೊಂದೇ ಪದ: "ಅದು ಸುಳ್ಳು. ಒಂದು ಹೆಸರು ಹೇಳಿದ್ದೆ. ಕ್ರೇನಿನವನದು. ಅವನಿಗೆ ಹೆಂಡತಿ, ಸಣ್ಣ ಮಗ ಇದ್ದರು. ಮರುದಿನ ಸಂಜೆ ಹಿಡಿದರು, ಚಳಿಗಾಲ ದಾಟಲಿಲ್ಲ."

ಅಣ್ಣನಿಗೆ ಜರ್ಮನ್ ಬಾರದು. ನನ್ನ ಮುಖ ನೋಡಿ ಯಂತ್ರ ನಿಲ್ಲಿಸಿದರು.

"ಎಂತಾಯ್ತು ತಂಗಿ?"

ಹೇಳಿದೆ. ನಾನು ಊಹಿಸಿ ಬರೆದದ್ದನ್ನೂ ಹೇಳಿದೆ. ಅವರು ಆರನೆಯ ರೀಲನ್ನು ಮತ್ತೆ ತೆಗೆದರು. "ಹಿಂದಿನ ಸಲ ಒಂದೇ ಚಾನೆಲ್ಲಿನಲ್ಲಿ ತೆಗ್ದದ್ದು. ಲೇಪ ಹೋದದ್ದು ಟೇಪಿನ ಒಂದು ಅಂಚಲ್ಲಿ ಮಾತ್ರ ಆಗಿರ್ಲಿಕ್ಕೂ ಸಾಕು. ನಿಲ್ಲು." ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸಿ, ಕಿವಿಯಿಟ್ಟು ಅದರ ಓರೆಯನ್ನು ಸರಿಮಾಡಿ, ಎರಡು ಅಂಚುಗಳನ್ನೂ ಬೇರೆಬೇರೆಯಾಗಿ ಇಳಿಸಿದರು. ಮೇಲಿನ ಅಂಚಿನಲ್ಲಿ ಖಾಲಿ. ಕೆಳಗಿನ ಅಂಚಿನಲ್ಲಿ, ಹಿಸ್ಸೆಂಬ ಸದ್ದಿನ ಅಡಿಯಲ್ಲಿ, ಮೂಗಿನ ದನಿ ಕಡಿಯದೆ ಹರಿದಿತ್ತು. ಗೆನಾಂಟ್.

ಮರುದಿನ ಬೆಳಿಗ್ಗೆ ಮಗನಿಗೆ ಫೋನ್ ಮಾಡಿದೆ. ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ಎಂಟನೆಯ ರೀಲಿನ ವಿಷಯ ಹೇಳಿದೆ.

"ಆರನೆಯದು ಹೇಗಿದೆಯೋ ಹಾಗೇ ಇರಲಿ" ಎಂದರು ಅವರು. "ಎಂಟನೆಯ ರೀಲು ಹಾಳಾಗಿತ್ತು ಎಂದು ಹೇಳಿಬಿಡೋಣ. ಅದು ಹಾಳಾಗಿಯೇ ಇತ್ತಲ್ಲ?"

"ಮೂರು ನಿಮಿಷ ಮಾತ್ರ."

"ನನ್ನ ಅಮ್ಮನಿಗೆ ಅವಳ ದೇಶ ಇಲ್ಲ, ಅಪ್ಪನ ಜೊತೆ ಮಾತು ಬಿಟ್ಟಿತ್ತು, ಗಂಡ ತೀರಿಹೋದ. ಉಳಿದಿರುವುದು ಇದೊಂದು. ನೀವು ನಾಳೆ ಇನ್ನೊಬ್ಬರ ಟೇಪು ಹಿಡಿದು ಕೂರುತ್ತೀರಿ. ಅವಳನ್ನು ದಿನಾ ನೋಡಬೇಕಾದವನು ನಾನು."

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ನಾಲ್ಕು ದಿನ ಬೇರೆ ಕೆಲಸ ಮಾಡಿದೆ. ಕ್ವೀನ್ ಸ್ಟ್ರೀಟಿನಲ್ಲಿ ಸುಮ್ಮನೆ ನಡೆದಾಡಿದೆ. ಮುಚ್ಚಿಡುವುದಾದರೆ ಆ ಮನುಷ್ಯ ಯಾಕೆ ಟೇಪು ಮಾಡಬೇಕಿತ್ತು? ಯಾರೂ ಒತ್ತಾಯಿಸಿರಲಿಲ್ಲ. ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದ್ದರು. ಕೇಳುವವರು ಯಾರು ಎಂದು ಅವರಿಗೆ ಗೊತ್ತಿತ್ತು. ಆ ಡಬ್ಬಿಯ ಮೇಲೆ ಬರೆದಿದ್ದದ್ದು ಮೊಮ್ಮಗನ ಹೆಸರಲ್ಲ, ಮಗಳದು. ಐದನೆಯ ದಿನ ಮಗನಿಗೆ ಹೇಳಿದೆ: "ಟೇಪು ಅವರದು. ತಿದ್ದಿದ ಪ್ರತಿಯನ್ನು ಅವರ ಕೈಗೇ ಕೊಡುತ್ತೇನೆ. ನೀವೂ ಬನ್ನಿ. ಬೇಡ ಎನ್ನುವುದಾದರೆ ಈಗಲೇ ನನ್ನನ್ನು ಕೆಲಸದಿಂದ ಬಿಡಿಸಿ. ಆದರೆ ತಪ್ಪು ಪ್ರತಿಯ ಮೇಲೆ ನನ್ನ ಹೆಸರು ಇರಕೂಡದು." ಅವರು ಬಿಡಿಸಲಿಲ್ಲ. ಬರುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಹೋದೆವು. ತಾಯಿ ಹಾಳೆ ಮುಟ್ಟಲಿಲ್ಲ. "ಓದುವುದಿಲ್ಲ. ಕೇಳಿಸಿ" ಎಂದರು. ಹೆಡ್‌ಫೋನನ್ನು ಅವರ ಬಲಗಿವಿಗೆ ಇಟ್ಟು, ದನಿ ಏರಿಸಿ, ವೇಗ ಸ್ವಲ್ಪ ತಗ್ಗಿಸಿದೆ. ನಲವತ್ತೇಳು ವರ್ಷದ ಮೇಲೆ ಅವರು ಅಪ್ಪನ ದನಿ ಕೇಳುತ್ತಿದ್ದರು, ಮತ್ತು ನಾನು ಆರಿಸಿ ಕೇಳಿಸುತ್ತಿದ್ದದ್ದು ಇದನ್ನು. ಅದು ಆಗ ನನಗೆ ತಟ್ಟಿತು. ಮೊದಲು ಬೇರೇನಾದರೂ, ಮೊಳೆ ಜೋಡಿಸುವ ಮಾತನ್ನಾದರೂ ಕೇಳಿಸಬೇಕಿತ್ತು.

"ಮತ್ತೊಮ್ಮೆ" ಎಂದರು. ಮತ್ತೊಮ್ಮೆ ಹಾಕಿದೆ. ಮೂರನೆಯ ಸಲವೂ.

ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಆ ಪಟ್ಟಣಕ್ಕೆ ರಜೆಯಲ್ಲಿ ಹೋಗುತ್ತಿದ್ದೆವು. ಅಜ್ಜಿಯ ಮನೆಗೆ ಬಂದರಿನ ಬೀದಿಯಲ್ಲಿ ಹೋದರೆ ಐದು ನಿಮಿಷ. ಅಪ್ಪ ಸುತ್ತು ಹಾಕಿಸುತ್ತಿದ್ದರು, ಅರ್ಧ ಗಂಟೆ. ಕಾಲಿಗೆ ವ್ಯಾಯಾಮ ಬೇಕು ಎನ್ನುತ್ತಿದ್ದರು." ಕಿಟಕಿಯ ಕಡೆ ತಿರುಗಿದರು. "ನೀವು ಈಗ ಹೋಗಿ" ಎಂದರು. ನನಗೆ ಹೇಳಿದ್ದೋ ಮಗನಿಗೆ ಹೇಳಿದ್ದೋ ತಿಳಿಯಲಿಲ್ಲ. ಇಬ್ಬರೂ ಎದ್ದೆವು. ಲಿಫ್ಟಿನಲ್ಲಿ ಮಗ ನನ್ನ ಕಡೆ ನೋಡಲಿಲ್ಲ.

ಐದು ವಾರ ಸುದ್ದಿಯಿಲ್ಲ. ಇಮೇಲಿಗೆ ಉತ್ತರವಿಲ್ಲ. ಮಾಡಬಾರದ್ದು ಮಾಡಿದೆ ಎಂದು ನನಗೆ ಹೆಚ್ಚುಕಡಿಮೆ ಖಚಿತವಾಯಿತು. ಅಣ್ಣ ಒಮ್ಮೆ ಫೋನಿನಲ್ಲಿ, "ಬಿಡು ಮಾರಾಯ್ತಿ, ನೀನು ಬರ್ದದ್ದು ಅಜ್ಜ ಹೇಳಿದ್ದನ್ನೇ ಅಲ್ವ" ಎಂದರು. ಅದು ಸಮಾಧಾನ ಕೊಡಲಿಲ್ಲ.

ಏಪ್ರಿಲಿನಲ್ಲಿ ತಾಯಿಯೇ ಮಗನಿಂದ ಮೆಸೇಜು ಹಾಕಿಸಿ ಕರೆಸಿಕೊಂಡರು. ಮೇಜಿನ ಮೇಲೆ ಕೈಬರಹದ ನಾಲ್ಕು ಹಾಳೆ. ಕ್ರೇನ್ ಚಾಲಕನ ಮನೆಯವರು ಯಾರಾದರೂ ಉಳಿದಿದ್ದರೆ ಅವರಿಗೆ ಪತ್ರ.

"ನನ್ನ ಜರ್ಮನ್ ಹಳೆಯದಾಗಿದೆ. ಕ್ಷಮೆಯ ಪದಗಳು ಜಾಸ್ತಿಯಾಗಿವೆ ಅನಿಸುತ್ತದೆ. ನೋಡಿ."

ನೋಡಿದೆ. ಮೂರು ಹಾಳೆ ಅಪ್ಪನ ಕಷ್ಟದ ವಿವರ: ಹಲ್ಲು, ಶಿಬಿರ, ಹನ್ನೊಂದು ದಿನ. ವಿಷಯ ಇದ್ದದ್ದು ಕೊನೆಯ ಹಾಳೆಯಲ್ಲಿ. ನಾನು ಏನೂ ಹೇಳುವ ಮೊದಲೇ ಅವರು ನನ್ನ ಮುಖ ಓದಿ, ಮೊದಲ ಮೂರನ್ನು ತೆಗೆದು ಪಕ್ಕಕ್ಕಿಟ್ಟರು. ಎರಡು ಗಂಟೆ ಕೂತು ಎಂಟು ವಾಕ್ಯದ ಪತ್ರ ಮಾಡಿದೆವು. ಮಗ ಚಹಾ ಮಾಡಿ ತಂದಿಟ್ಟರು. ಆಮೇಲೆ ಅಲ್ಲೇ ಕೂತರು. ಆ ಪಟ್ಟಣದ ಹಳೆಯ ದಾಖಲೆಗಳ ಕಚೇರಿಗೆ ನಾನೇ ಬರೆದೆ. ವಿಳಾಸ ಕೊಡಲು ನಿಯಮವಿಲ್ಲ, ಕುಟುಂಬದವರು ಇದ್ದಾರೆ, ಪತ್ರ ಕಳಿಸಿದರೆ ತಲುಪಿಸುತ್ತೇವೆ ಎಂದು ಉತ್ತರ ಬಂತು.

ಪತ್ರ ಕಳಿಸಿದೆವು. ಮನೆಯವರ ಉತ್ತರ ಆಗಸ್ಟಿನಲ್ಲಿ ಬಂತು, ಅಂಚೆಯಲ್ಲಿ. ಬರೆದವರು ಕ್ರೇನ್ ಚಾಲಕನ ಮೊಮ್ಮಗಳು. ಒಬ್ಬರೇ ಓದಲು ಧೈರ್ಯ ಸಾಲದೆ, ಅದನ್ನು ಓದಿ ಹೇಳಲು ತಾಯಿ ನನ್ನನ್ನು ಕರೆಸಿದರು. ಮಗನಿಗೂ ಪೂರ್ತಿ ಅರ್ಥವಾಗಲಿ ಎಂದು ನಾನು ಒಂದೊಂದೇ ವಾಕ್ಯ ಓದಿ, ಇಂಗ್ಲಿಷಿನಲ್ಲೂ ಹೇಳುತ್ತಾ ಹೋದೆ.

ಪೊಲೀಸರು ಮನೆಗೆ ಬರುವ ಹಿಂದಿನ ವಾರ ಅಜ್ಜಿಗೂ ಅಜ್ಜನಿಗೂ ಜಗಳವಾಗಿತ್ತಂತೆ. ಅಕ್ಕಪಕ್ಕದವರು ಕೇಳಿದ್ದರು. ಅಜ್ಜನನ್ನು ಹಿಡಿದುಕೊಟ್ಟವಳು ಹೆಂಡತಿಯೇ ಎಂದು ಆತನ ಅಣ್ಣತಮ್ಮಂದಿರು ತೀರ್ಮಾನಿಸಿದರು. ಯುದ್ಧ ಮುಗಿದ ಮೇಲೂ ಆ ಮಾತು ಹೋಗಲಿಲ್ಲ. ಪಟ್ಟಣದಲ್ಲಿ ಅಜ್ಜನ ಹೆಸರಿನ ಫಲಕ ಹಾಕಿದ ದಿನ ಅಜ್ಜಿಯನ್ನು ಕರೆಯಲಿಲ್ಲ. ಮಗ, ಅಂದರೆ ಪತ್ರ ಬರೆದವರ ತಂದೆ, ತನ್ನ ತಾಯಿ ಸಾಯುವವರೆಗೆ ಆಕೆಯ ಜೊತೆ ಒಂದು ಊಟ ಕೂಡ ಮಾಡಲಿಲ್ಲ. ಅಜ್ಜಿ ತಾನು ಹೇಳಿಲ್ಲ ಎಂದು ಮೊದಮೊದಲು ಹೇಳುತ್ತಿದ್ದಳು, ಆಮೇಲೆ ಹೇಳುವುದನ್ನೂ ಬಿಟ್ಟಳು.

ತಾಯಿ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, ಕೊನೆಯ ವಾಕ್ಯವನ್ನು ಮತ್ತೆ ಓದಿಸಿದರು. ನಾನು ಓದಿದೆ. ಮಗ ಎದ್ದು ಬಂದು ತಾಯಿಯ ಕುರ್ಚಿಯ ಹಿಂದೆ ನಿಂತರು.

ಪತ್ರದ ಕೊನೆಯಲ್ಲಿ ಕ್ಷಮಿಸಿದೆವು ಎಂದು ಇರಲಿಲ್ಲ. ನಿಮ್ಮ ತಂದೆಯ ಬಗ್ಗೆ ಏನು ಅನಿಸಬೇಕೆಂದು ನನಗೆ ಇನ್ನೂ ಗೊತ್ತಿಲ್ಲ ಎಂದು ಇತ್ತು. ಬರಹದ ಪ್ರತಿ ಸಾಲದು, ದನಿಯೇ ಬೇಕು ಎಂದು ಇತ್ತು. ನನ್ನ ತಂದೆಗೆ ತೊಂಬತ್ತರ ಹತ್ತಿರ ವಯಸ್ಸು, ಅವರಿಗೆ ಕೇಳಿಸಬೇಕು, ಬೇಗ ಕಳಿಸಿ.

"ಇವತ್ತೇ" ಎಂದರು ತಾಯಿ.

ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು. ಎಂಟನೆಯ ರೀಲಿನಿಂದ ಆ ಭಾಗವನ್ನು ಕತ್ತರಿಸುತ್ತಾ, ಮಾತು ಮುಗಿದ ಮೇಲೆ ಕೆಮ್ಮು, ಖಾಲಿ ಟೇಪು ಇದೆ, ಅದನ್ನು ತೆಗೆಯಲೇ ಎಂದು ಕೇಳಿದೆ. ಮಗ ತಾಯಿಯ ಮುಖ ನೋಡಿದರು.

"ಏನನ್ನೂ ತೆಗೆಯಬೇಡಿ" ಎಂದರು ಮಗ.